ಕೇಳಿಸುವುದಿಲ್ಲ, ಆರು ಸೆಕೆಂಡು

ಜೂನ್ 3, ಸೋಮವಾರ

ಹೆಡ್‌ಫೋನಿನ ಎಡಗಡೆಯ ಸ್ಪಂಜು ಪೂರ್ತಿ ಹೋಯಿತು. ಕರ್ಚೀಫು ಮಡಚಿಟ್ಟುಕೊಂಡು ಕೆಲಸ. ಪೆಡಲ್ಲೂ ಕಿರುಗುಡುತ್ತಿದೆ. ತುಳಿದರೆ ಧ್ವನಿ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಇಪ್ಪತ್ತು ವರ್ಷದಿಂದ ಬಲಗಾಲಿಗೆ ಇದೇ ಉದ್ಯೋಗ. ಚಪ್ಪಲಿಯೂ ಬಲಗಾಲಿನದೇ ಮೊದಲು ಸವೆಯುತ್ತದೆ.

ಹೊಸ ಕೆಲಸ ಬಂತು. ಇಪ್ಪತ್ತಾರು ಸಂದರ್ಶನ, ಕೇಳಿ ಟೈಪ್ ಮಾಡಬೇಕು. ತಂದುಕೊಟ್ಟವಳು ನಮ್ಮ ಸಂಸ್ಥೆಯ ಮೇಲಿನ ಮಹಡಿಯ ಸಂಶೋಧಕಿ. ಮಾತೆತ್ತಿದರೆ "ಯಾಕೆ" ಎನ್ನುತ್ತಾಳೆ. ನಿಮ್ಮ ರೂಮ್ ನೆಲಮಾಳಿಗೇಲಿ ಯಾಕಿದೆ, ಫ್ಯಾನ್ ಗೋಡೆ ಕಡೆ ಯಾಕೆ ತಿರುಗಿದೆ... ಯಾಕಮ್ಮ ಎಂದು ಹೆಸರಿಟ್ಟೆ. ಮನಸ್ಸಿನಲ್ಲಿ.

ವಿಷಯ ಪಾರ್ಕೂರ್. ಗೊತ್ತಿರಲಿಲ್ಲ. ಮೊದಲ ಅರ್ಧ ಗಂಟೆ "ಪಾರ್ಕು ಊರು" ಎಂದೇ ಹೊಡೆದಿದ್ದೆ. ಯಾವುದಪ್ಪಾ ಈ ಊರು, ಎಲ್ಲರೂ ಭಾನುವಾರ ಅಲ್ಲಿಗೇ ಓಡುತ್ತಾರಲ್ಲ ಎಂದುಕೊಂಡೆ. ಯಾಕಮ್ಮ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಊರಲ್ಲವಂತೆ, ಆಟ. ಗೋಡೆ ಹತ್ತುವುದು, ಕಟ್ಟೆಯಿಂದ ಕಟ್ಟೆಗೆ ನೆಗೆಯುವುದು, ಕಂಬಿಯ ಮೇಲೆ ನಡೆಯುವುದು. ಪಕ್ಕದಲ್ಲೇ ಮೆಟ್ಟಿಲಿದ್ದರೂ. ಇದನ್ನು ಜನ ಯಾಕೆ ಮಾಡುತ್ತಾರೆ, ಏನೆಂದುಕೊಂಡು ಮಾಡುತ್ತಾರೆ — ಅದು ಅವಳ ಸಂಶೋಧನೆ.

ನಿಯಮದ ಹಾಳೆಗೆ ಸಹಿ ಹಾಕಿದೆ. ಹಳೆಯ ನಿಯಮಗಳೇ. ಹೆಸರು ಬೇಡ, ನಂಬರ್ ಮಾತ್ರ. ಆಡಿದ್ದು ಆಡಿದ ಹಾಗೇ. ನಕ್ಕರೆ ಬ್ರಾಕೆಟ್ಟಿನಲ್ಲಿ ನಗು, ಸುಮ್ಮನಾದರೆ ಮೌನ ಮತ್ತು ಎಷ್ಟು ಸೆಕೆಂಡು, ಗೊತ್ತಾಗದಿದ್ದರೆ "ಕೇಳಿಸುವುದಿಲ್ಲ". ಕೇಳಿದ್ದನ್ನು ಹೊರಗೆ ಬಾಯಿ ಬಿಡಬಾರದು. ಪರಿಚಯದ ದನಿ ಬಂದರೆ ಅಲ್ಲಿಗೇ ನಿಲ್ಲಿಸಿ ಫೈಲ್ ವಾಪಸ್ ಕೊಡಬೇಕು. ಇಪ್ಪತ್ತು ವರ್ಷದಲ್ಲಿ ಒಂದೂ ಪರಿಚಯದ ದನಿ ಬಂದಿಲ್ಲ.

ಸಂಜೆ ಆರಕ್ಕೆ ಮನೆಯಲ್ಲಿ ನಮ್ಮ ಯಜಮಾನರಿಗೆ ಟೀ, ಜೊತೆಗೆ ಮಾತ್ರೆ. ಹೃದಯದ ವಾಲ್ವ್ ಬದಲಾಯಿಸಿ ಎರಡು ವರ್ಷವಾಯಿತು. ರಕ್ತ ತೆಳ್ಳಗಿಡುವ ಈ ಮಾತ್ರೆ ಜೀವನಪರ್ಯಂತ. ಇವತ್ತು ಏನು ಟೈಪ್ ಮಾಡಿದೆ ಎಂದು ಕೇಳಿದರು, ಹೇಳುವುದಿಲ್ಲವೆಂದು ಗೊತ್ತಿದ್ದೂ. ನಾನು ಮಾತಾಡಲಿಲ್ಲ. "ಬ್ರಾಕೆಟ್ಟಲ್ಲಿ ಮೌನ, ನಾಲ್ಕು ಸೆಕೆಂಡು" ಎಂದರು. ಮನೆಯ ಹಳೇ ಜೋಕು.

ಜೂನ್ 5, ಬುಧವಾರ

ನಂಬರ್ 4, ಪಾರ್ಸೆಲ್ ತಲುಪಿಸುವವನು. "ದಿನಾ ಗೇಟ್ ಹೊರಗೆ ನಿಲ್ಲೋನು ನಾನು. ಬೆಲ್ ಮಾಡ್ಬೇಕು, ಅವರು ಬರ್ಬೇಕು, ತೆಗೀಬೇಕು. ಭಾನುವಾರ ಒಂದಿನ ಯಾರನ್ನೂ ಕೇಳ್ದೆ ಗೋಡೆ ದಾಟ್ತೀನಿ. ಆಚೆ ಏನೂ ಇರಲ್ಲ. ಸುಮ್ನೆ ದಾಟ್ತೀನಿ."

ನಂಬರ್ 6, ಐಸಿಯು ನರ್ಸ್. "ಗೋಡೆ ಅಳಲ್ಲ ನೋಡಿ. ಅದಕ್ಕೇ."

ಪರವಾಗಿಲ್ಲ, ಮಾತು ಬಲ್ಲವರು. ಆದರೂ ನನಗೆ ಒಪ್ಪಿಗೆಯಿಲ್ಲ. ಕೈಕಾಲು ನೆಟ್ಟಗಿರುವವರ ಚಾಳಿ ಇದು. ಆಸ್ಪತ್ರೆಯ ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ದಿನ ಕೂರಿಸಬೇಕು ಇವರನ್ನೆಲ್ಲ, ಹುಚ್ಚು ಬಿಡುತ್ತದೆ.

ಜೂನ್ 9, ಭಾನುವಾರ

ಇವರು ಆರಕ್ಕೆ ವಾಕಿಂಗ್ ಹೋದವರು ಎಂಟೂವರೆಗೆ ಬಂದರು. ಪ್ಯಾಂಟಿನ ಮೊಣಕಾಲಿಗೆ ಸಿಮೆಂಟಿನ ಧೂಳು. ಕೇಳಿದರೆ "ಬೆಂಚು ಕೊಳಕಾಗಿತ್ತು". ಬೆಂಚಿನ ಮೇಲೆ ಮೊಣಕಾಲೂರಿ ಕೂರುತ್ತಾರಾ? ಬಿಟ್ಟೆ.

ಹಾಲ್‌ನ ಟ್ಯೂಬ್‌ಲೈಟ್ ಮಿಣುಕುತ್ತಿತ್ತು. ನಾನು ಒಲೆ ಮುಂದಿದ್ದೆ. ನೋಡಿದರೆ ನೀಲಿ ಸ್ಟೂಲ್ ಎಳೆದುಕೊಂಡು ಒಂದು ಕಾಲು ಮೇಲಿಟ್ಟಿದ್ದಾರೆ. "ರೀ, ಹುಷಾರು! ಇಳೀರಿ ಮೊದ್ಲು" ಎಂದು ಕೂಗಿದೆ. ಇಳಿದರು. ನಾನೇ ಹತ್ತಿ ಬದಲಾಯಿಸಿದೆ. ಇವರು ಕೆಳಗೆ ಸ್ಟೂಲ್ ಹಿಡಿದುಕೊಂಡು ನಿಂತಿದ್ದರು. ಮೂವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಬಿದ್ದರೆ ಒಳಗೊಳಗೇ ರಕ್ತ ಸೋರಬಹುದು ಎಂದು ಡಾಕ್ಟರೇ ಹೇಳಿದ್ದಾರಲ್ಲ. ನಾನೇನು ಮಾಡಲಿ?

ಲೈಟು ಚೆನ್ನಾಗಿ ಬಂತು.

ಜೂನ್ 11, ಮಂಗಳವಾರ

ಹದಿಮೂರು ಮುಗಿಯಿತು. ಯಾಕಮ್ಮ ಸುಮ್ಮನೆ ಎರಡು ಫೈಲ್ ಕೇಳಿ ತಾಳೆ ನೋಡಿದಳಂತೆ. "ಅಕ್ಕ, ಒಂದಕ್ಷರ ಆಚೀಚೆ ಇಲ್ಲ. ನಿಮ್ಮದನ್ನ ಇನ್ನು ಚೆಕ್ ಮಾಡಲ್ಲ." ಬೀಗಿದೆ, ಸುಳ್ಳು ಯಾಕೆ ಹೇಳಲಿ. ಅವರು ಆಡಿದ್ದಕ್ಕೆ ನನ್ನದೊಂದು ಪದ ಸೇರಿಸಿಲ್ಲ, ಅವರದೊಂದು ಪದ ನುಂಗಿಲ್ಲ, ಇಪ್ಪತ್ತು ವರ್ಷ.

ಜೂನ್ 14, ಶುಕ್ರವಾರ, ಮಧ್ಯಾಹ್ನ 12.10

ನಂಬರ್ 17. ಗಂಡಸು, ಐವತ್ನಾಲ್ಕು ವರ್ಷ. ಈ ವಯಸ್ಸಿಗೆ ಯಾವ ಪುಣ್ಯಾತ್ಮನಪ್ಪ ಎಂದು ಪೆಡಲ್ ತುಳಿದೆ.

ಮೊದಲು ನಾಲಿಗೆ ಲೊಟಕ್ ಎಂದಿತು. ಆಮೇಲೆ "ಅಂದ್ರೆ ಏನು ಅಂದ್ರೆ..."

ಕಾಲೆತ್ತಿಬಿಟ್ಟೆ.

ಇಪ್ಪತ್ತೇಳು ವರ್ಷದಿಂದ ಕೇಳುತ್ತಿರುವ ಲೊಟಕ್. ನೂರು ಜನರ ನಡುವೆ ಆದರೂ ಗುರುತು ಹಿಡಿಯುತ್ತೇನೆ. ಫೈಲ್ ನಿಲ್ಲಿಸಬೇಕು, ಮೇಲೆ ಹೋಗಬೇಕು, ನನಗೆ ಪರಿಚಯದವರು ಎನ್ನಬೇಕು. ಅಷ್ಟೇ ಕೆಲಸ. ಎದ್ದೆ. ನೀರು ಕುಡಿದೆ. ಕೂತೆ.

ತುಳಿದೆ.

ಸಂಜೆ 4.45

ಪೂರ್ತಿ ಕೇಳಿದೆ. ನಲವತ್ತೊಂದು ನಿಮಿಷ. ಇಲ್ಲಿ ಬರೆದಿಡುತ್ತೇನೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ.

"ನಾನು ಲಿಫ್ಟ್ ಮೆಕ್ಯಾನಿಕ್ಕು. ಅಂದ್ರೆ ಏನು ಅಂದ್ರೆ, ಆಗಿದ್ದೆ. ಈಗ ಆಫೀಸಲ್ಲಿ ಫೋನ್ ಎತ್ಕೋತೀನಿ. ಜನ ಲಿಫ್ಟ್ ಒಳಗೆ ಸಿಕ್ಕಾಕ್ಕೊಂಡು ಫೋನ್ ಮಾಡ್ತಾರೆ. ಹೆದರ್ಬೇಡಿ, ನಮ್ಮೋರು ಹೊರಟಿದ್ದಾರೆ ಅಂತೀನಿ. ಮೊದ್ಲು ಹೊರಡ್ತಿದ್ದೋನು ನಾನೇ."

ಯಾಕೆ ಶುರು ಮಾಡಿದಿರಿ ಎಂದಳು ಯಾಕಮ್ಮ.

"ವಾಕಿಂಗ್ ಹೋಗ್ತಿದ್ದೆ. ಇವರೆಲ್ಲ ಹಳೇ ಪಾರ್ಕಿಂಗ್ ಜಾಗದ ಕಟ್ಟೆ ಮೇಲೆ ನಡೀತಿದ್ರು. ಒಂದಿನ ನಾನೂ ಹತ್ತಿದೆ. ಮೊಣಕಾಲೆತ್ತರ, ಅಷ್ಟೇ. ನಾನು ಹಾರಲ್ಲಮ್ಮ, ಬರೀ ಹತ್ತೋದು, ನಡೆಯೋದು, ಇಳಿಯೋದು. ಅವತ್ತು ಹತ್ತು ಹೆಜ್ಜೆ ಇಟ್ಟೆ. ಯಾರೂ ಹುಷಾರು ಅನ್ನಲಿಲ್ಲ. (ಮೌನ, 5 ಸೆಕೆಂಡು) ಯಾರೂ ಹುಷಾರು ಅನ್ನದೆ ಹತ್ತು ಹೆಜ್ಜೆ ಇಟ್ಟು ಎರಡು ವರ್ಷ ಆಗಿತ್ತು."

ಮನೆಯಲ್ಲಿ ಗೊತ್ತಾ?

"ಮನೇಲಿ ಒಂದು ಸ್ಟೂಲ್ ಇದೆ. (ನಗು) ಅದನ್ನ ಹತ್ತೋಕೇ ನನಗೆ ಪರ್ಮಿಷನ್ ಇಲ್ಲ."

ಯಾಕೆ?

"ಅವಳ ತಪ್ಪಲ್ಲ. ಒಂದ್ಸಲ ತುಂಬಾ ಹೆದರಿದ್ದಾಳೆ. ನಾನಾಗ ನಿದ್ದೆ ಮಾಡ್ತಿದ್ದೆ, ಎದ್ದು ಕೂತಿದ್ದೋಳು ಅವಳು."

ಯಾಕಮ್ಮನಿಗೆ ಇದು ಅರ್ಥವಾಗಿಲ್ಲ. ಏಳು ಗಂಟೆ ಆಪರೇಷನ್. ಏಳು ಗಂಟೆ ಪ್ಲಾಸ್ಟಿಕ್ ಕುರ್ಚಿ. ಅದನ್ನು ಇವರು ಲೆಕ್ಕಕ್ಕಿಟ್ಟಿದ್ದಾರೆಂದು ನನಗೆ ಇವತ್ತೇ ಗೊತ್ತಾಗಿದ್ದು. ಅತ್ತುಬಿಟ್ಟೆ. ಕರ್ಚೀಫು ಹೇಗೂ ಕಿವಿಯ ಹತ್ತಿರವೇ ಇತ್ತು.

ಮೂವತ್ಮೂರನೇ ನಿಮಿಷದಲ್ಲಿ ಯಾವುದೋ ಲಾರಿ ಪೀಂ ಪೀಂ ಎಂದು ಹಿಂದಕ್ಕೆ ಬರುತ್ತದೆ. ಯಾಕಮ್ಮ ಕುರ್ಚಿ ಎಳೆದುಕೊಳ್ಳುತ್ತಾಳೆ. ಆ ಗದ್ದಲದಲ್ಲಿ ಇವರು ತಮಗೆ ತಾವೇ ಎಂಬಂತೆ ಒಂದು ಮಾತಾಡುತ್ತಾರೆ. ಅವಳು "ಏನಂದ್ರಿ?" ಎನ್ನುತ್ತಾಳೆ. "ಏನಿಲ್ಲ."

ವೇಗ ಅರ್ಧಕ್ಕಿಳಿಸಿ ಕೇಳಿದೆ. ಮತ್ತೆ ಕೇಳಿದೆ. ಸ್ಪಷ್ಟವಾಗಿಯೇ ಇದೆ, ಆರು ಸೆಕೆಂಡು.

"ಶುಕ್ರವಾರ ಶನಿವಾರ ಮಾತ್ರೆ ನುಂಗಲ್ಲ. ತಾಗಿದ್ರೆ ನೀಲಿಗಟ್ಟುತ್ತೆ, ಅವಳಿಗೆ ಗೊತ್ತಾಗುತ್ತೆ."

ಇವತ್ತು ಶುಕ್ರವಾರ.

ಸಂಜೆ 7.30

ಆರಕ್ಕೆ ಟೀ ಕೊಟ್ಟೆ. ಮಾತ್ರೆ ಅಂಗೈಯಲ್ಲಿಟ್ಟೆ. ಇವರು ಎರಡನ್ನೂ ಹಿಡಿದುಕೊಂಡು ಬಾಲ್ಕನಿಗೆ ಹೋದರು. ದಿನಾ ಹೋಗುತ್ತಾರೆ. ಗಾಳಿ ಬರುತ್ತದಂತೆ.

"ತಗೊಂಡ್ರಾ?"

"ಹೂಂ."

ಇವರು ಸ್ನಾನಕ್ಕೆ ಹೋದಾಗ ಹೂಕುಂಡದ ಮಣ್ಣು ಬೆರಳಲ್ಲಿ ಕೆದಕಿದೆ. ಗುಲಾಬಿ ಬಣ್ಣದ ಒಂದು ಮಾತ್ರೆ, ಹೊಚ್ಚಹೊಸದು. ಇನ್ನೂ ಕೆಳಗೆ ಕರಗಿದವು. ಎಷ್ಟೆಂದು ನೋಡಲು ಹೋಗಲಿಲ್ಲ. ಈ ಗಿಡ ಯಾಕೆ ಸೊರಗುತ್ತಿದೆಯೆಂದು ತಿಂಗಳಿಂದ ನಾನು ಗೊಬ್ಬರ ಹಾಕುತ್ತಿದ್ದೆ.

ರಕ್ತ ತೆಳ್ಳಗಿದ್ದರೆ ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತದೆ, ಭಾನುವಾರದ ಪೆಟ್ಟು ನನಗೆ ಕಾಣಬಾರದೆಂದು ಈ ಉಪಾಯ. ಕೋಪ ಬಂತು, ಹೌದು. ಅದಕ್ಕಿಂತ ಹೆಚ್ಚು ಭಯ. ಮಾತ್ರೆ ತಪ್ಪಿದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಅದು ಮೆದುಳಿಗೆ ಹೋದರೆ ಕಥೆ ಮುಗಿಯಿತು. ಇದು ಇವರಿಗೂ ಗೊತ್ತು. ಗೊತ್ತಿದ್ದೂ ಜೀವಕ್ಕೆ ಹೆದರುತ್ತಿಲ್ಲ, ನನ್ನ ಕಣ್ಣಿಗೆ ಹೆದರುತ್ತಿದ್ದಾರೆ.

ಕೇಳಿಬಿಡಲಾ? ಹೇಗೆ ಗೊತ್ತಾಯಿತು ಎನ್ನುತ್ತಾರೆ. ಹೆಡ್‌ಫೋನಲ್ಲಿ ನಿಮ್ಮ ಗುಟ್ಟು ಕೇಳಿದೆ ಎನ್ನಬೇಕಾಗುತ್ತದೆ.

ಜೂನ್ 17, ಸೋಮವಾರ

17 ಟೈಪ್ ಮಾಡಿದೆ. ಆ ಆರು ಸೆಕೆಂಡಿನ ಜಾಗ ಬಂದಾಗ ಪೆಡಲಿನಿಂದ ಕಾಲೆತ್ತಿದೆ.

ಇದ್ದದ್ದನ್ನು ಇದ್ದ ಹಾಗೇ ಟೈಪ್ ಹೊಡೆದರೆ ಯಾಕಮ್ಮ ಇವರಿಗೆಲ್ಲ ಪಾರ್ಕೂರ್ ಕಲಿಸುವ ಕೋಚಿಗೆ ತಿಳಿಸಲೇಬೇಕು. ಅವರ ಫಾರಂನಲ್ಲಿ ಇವರು ಆರೋಗ್ಯದ ತೊಂದರೆ ಇಲ್ಲ ಎಂದು ಬರೆದುಕೊಟ್ಟಿರುತ್ತಾರೆ, ನನಗೆ ಗೊತ್ತಿಲ್ಲವೇ. ಕೋಚ್ ಮನೆಗೆ ಕಳಿಸುತ್ತಾನೆ. ಸ್ಟೂಲಿನಿಂದ ಇಳಿಸಿದ್ದು ಸಾಲದೆಂದು ಕಟ್ಟೆಯಿಂದಲೂ ನಾನೇ ಇಳಿಸಿದ ಹಾಗಾಯಿತು. ಇನ್ನೊಂದು ಕಾರಣವೂ ಇದೆ, ಅದು ನಾಚಿಕೆ. ಆ ವಾಕ್ಯದಲ್ಲಿರುವ "ಅವಳು" ನಾನು.

ಹೊಡೆದೆ: (ಕೇಳಿಸುವುದಿಲ್ಲ, 6 ಸೆಕೆಂಡು).

ಮಿಕ್ಕದ್ದೆಲ್ಲ ಅಕ್ಷರ ಅಕ್ಷರ ಇದ್ದ ಹಾಗೇ. ಐದಕ್ಕೆ ಕಳಿಸಿಬಿಟ್ಟೆ. ಊಟ ಸೇರಲಿಲ್ಲ.

ಜೂನ್ 20, ಗುರುವಾರ

ರಕ್ತಪರೀಕ್ಷೆಯ ದಿನ. ರಕ್ತ ಎಷ್ಟು ತೆಳ್ಳಗಿದೆ ಎಂದು ತೋರಿಸುವ ನಂಬರ್ ಎರಡೂವರೆಯ ಮೇಲಿರಬೇಕು. 1.6 ಬಂದಿದೆ.

ಡಾಕ್ಟರ್ ಕನ್ನಡಕದ ಮೇಲಿಂದ ನೋಡಿದರು. "ಮಾತ್ರೆ ತಪ್ಪಿಸ್ತಿದ್ದೀರಾ?"

ಇವರು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತಾ ಕೂತರು. ಎಂದೂ ನೋಡದ ಹಾಗೆ.

"ನಾನೇ ಕೈಯಾರೆ ಕೊಡ್ತೀನಿ ಡಾಕ್ಟ್ರೇ" — ನಾನಂದದ್ದು. ನನ್ನದೇ ಬಾಯಿ.

"ಹಾಗಾದ್ರೆ ಡೋಸ್ ಸಾಲ್ತಿಲ್ಲ. ಹೆಚ್ಚಿಸೋಣ. ನಾಳೆಯಿಂದಲೇ" ಎಂದು ಚೀಟಿ ಬರೆದರು.

ಬಸ್ಸಿನಲ್ಲಿ ಇಬ್ಬರೂ ಕಿಟಕಿ ನೋಡಿದೆವು. ಅವರದೊಂದು ಕಿಟಕಿ, ನನ್ನದೊಂದು. ನುಂಗುವ ಐದು ದಿನ ಜಾಸ್ತಿ ಡೋಸ್, ನುಂಗದ ಎರಡು ದಿನ ಏನೂ ಇಲ್ಲ. ಒಂದು ಕಡೆ ಹೆಪ್ಪು, ಒಂದು ಕಡೆ ಸೋರಿಕೆ. ಇಬ್ಬರೂ ಸೇರಿ ಡಾಕ್ಟರಿಗೆ ಸುಳ್ಳು ಹೇಳಿ ಬಂದೆವು, ಒಬ್ಬರಿಗೊಬ್ಬರು ಹೇಳದೆ.

ಜೂನ್ 21, ಶುಕ್ರವಾರ

ಬೆಳಗ್ಗೆ ಹತ್ತಕ್ಕೆ ಡಾಕ್ಟರಿಗೆ ಫೋನ್ ಮಾಡಿದೆ. ಡೋಸ್ ಹೆಚ್ಚಿಸಬೇಡಿ, ವಾರಕ್ಕೆರಡು ದಿನ ಅವರು ನುಂಗುತ್ತಲೇ ಇಲ್ಲ ಎಂದೆ.

"ನಿನ್ನೆ ಯಾಕೆ ಹೇಳಲಿಲ್ಲಮ್ಮ? ಯಾವಾಗ ಗೊತ್ತಾಯ್ತು?"

"ಹೂಕುಂಡದಲ್ಲಿ ಸಿಕ್ತು ಡಾಕ್ಟ್ರೇ." ಸುಳ್ಳೇನಲ್ಲ. ಪೂರ್ತಿ ನಿಜವೂ ಅಲ್ಲ.

ಸರಿಯಾಗಿ ಬೈದರು. ಹಳೇ ಡೋಸೇ ಇರಲಿ, ಏಳು ದಿನವೂ ತಪ್ಪಬಾರದು, ಇವತ್ತೇ ಅವರ ಹತ್ತಿರ ಮಾತಾಡಿ ಎಂದರು. ಆಯಿತು ಎಂದೆ.

ಹನ್ನೊಂದಕ್ಕೆ ಯಾಕಮ್ಮನ ಹತ್ತಿರ ಹೋದೆ. "ಆ 17 ಸ್ವಲ್ಪ ಕೊಡ್ತೀರಾ, ಒಂದು ಜಾಗ ಮತ್ತೆ ಕೇಳ್ಬೇಕು."

"ಅಯ್ಯೋ ಅಕ್ಕ, ಪ್ರಿಂಟ್ ಆಗಿ ಕವರ್‌ಗೆ ಹೋಗಿದೆ. ಭಾನುವಾರ ಅವರವರಿಗೇ ಕೊಡ್ತೀನಿ, ಓದಿ ತಿದ್ದಿ ಕೊಡ್ಲಿ ಅಂತ. ಜೊತೆಗೆ ಒಂದೊಂದು ಪೆನ್ಸಿಲ್ಲೂ ಇಟ್ಟಿದ್ದೀನಿ." ಪೆನ್ಸಿಲ್ ಯಾಕೆ ಎಂದು ನಾನು ಕೇಳಬೇಕಿತ್ತೇನೋ, ಮುಖ ಅರಳಿಸಿಕೊಂಡು ಕಾಯುತ್ತಿದ್ದಳು. ಕೇಳಲಿಲ್ಲ.

ಸಂಜೆ ಆರಕ್ಕೆ ಮಾತಾಡಬೇಕೆಂದು ಎದುರು ಕೂತೆ. ಹೊಸ ಡೋಸ್ ಬೇಡವಂತೆ, ಡಾಕ್ಟರ್ ಫೋನ್ ಮಾಡಿದ್ದರು ಎಂದೆ. ಅಲ್ಲಿಗೇ ನಿಂತೆ. ಇವರು ಮಾತ್ರೆ ತೆಗೆದುಕೊಂಡು ಬಾಲ್ಕನಿಗೆ ಹೋದರು. ಹಿಂದೆಯೇ ಹೋದೆ. ಎದುರಿಗೇ ಬಾಯಿಗೆ ಹಾಕಿಕೊಂಡು ಟೀ ಕುಡಿದರು, ನಾನು ಒಳಗೆ ಬಂದ ಮೇಲೆ ಕೆಮ್ಮಿದರು.

ಕುಂಡದಲ್ಲಿ ಇತ್ತು. ಒದ್ದೆಯಾಗಿ.

ಜೂನ್ 23, ಭಾನುವಾರ, ಬೆಳಗ್ಗೆ 8.15

ನಿನ್ನೆಯೂ ಹಾಗೇ. ಇವತ್ತು ಹಿಂದೆಯೇ ಹೊರಟೆ. ಅಲ್ಲೇ ಎಲ್ಲರೆದುರು ಕೈಹಿಡಿದು ಎಳೆದುಕೊಂಡು ಬರುವುದೆಂದು. ಮಾನ ಹೋದರೆ ಹೋಗಲಿ.

ಹಳೇ ಪಾರ್ಕಿಂಗ್ ಜಾಗ. ಬಸ್ ಸ್ಟಾಪಿನ ಮರೆಯಲ್ಲಿ ನಿಂತೆ. ಎಂಟು ಹತ್ತು ಜನ. ಒಬ್ಬಳು ಕಂಬಿ ಮೇಲಿಂದ ಇಳಿದು ನೆಲದಲ್ಲಿ ಉರುಳಿ ಎದ್ದಳು, ಏನೂ ಆಗದವಳ ಹಾಗೆ. ನಂಬರ್ 6 ಇರಬಹುದು. ಗೊತ್ತಿಲ್ಲ, ದನಿ ಮಾತ್ರ ಗೊತ್ತು.

ಇವರು ಕಟ್ಟೆ ಮೇಲಿದ್ದರು. ನಿಜ, ಮೊಣಕಾಲೆತ್ತರವೇ. ಎರಡೂ ಕೈ ಚಾಚಿಕೊಂಡು ಒಂದೊಂದೇ ಹೆಜ್ಜೆ. ತುದಿಗೆ ಹೋದರು, ತಿರುಗಿದರು, ಸ್ವಲ್ಪ ವಾಲಿದರು — ನನ್ನ ಬಾಯಿಗೆ "ಹುಷಾರು" ಬಂತು. ಬಾಯಿ ಮುಚ್ಚಿಕೊಂಡೆ. ಕೈಯಿಂದಲೇ, ಗಟ್ಟಿಯಾಗಿ. ಇವರು ಸರಿಮಾಡಿಕೊಂಡು ವಾಪಸ್ ನಡೆದರು. ನಗುತ್ತಿರಲಿಲ್ಲ, ಏನಿಲ್ಲ. ಲಿಫ್ಟಿನ ಪ್ಯಾನೆಲ್ ಬಿಚ್ಚುವಾಗ ಇರುತ್ತಿದ್ದ ಮುಖ. ಆ ಮುಖ ನೋಡಿ ಎರಡು ವರ್ಷವಾಗಿತ್ತು. ಹೊಟ್ಟೆಕಿಚ್ಚಾಯಿತು, ಆ ಕಟ್ಟೆಯ ಮೇಲೆ. ಸಂತೋಷವೂ ಆಯಿತು. ಎರಡೂ ಒಟ್ಟಿಗೆ.

ಯಾಕಮ್ಮ ಸ್ಕೂಟರ್‌ನಿಂದ ಕವರುಗಳ ಕಟ್ಟು ಇಳಿಸುತ್ತಿದ್ದಳು. ಕೈಹಿಡಿದು ಎಳೆಯಲಿಲ್ಲ. ಮನೆಗೆ ಬಂದೆ.

ಇವರು ಬಂದಾಗ ಪೇಪರಿನ ಮಡಿಕೆಯೊಳಗೆ ಕಂದು ಕವರ್ ಇತ್ತು. ಇವತ್ತು ಸಂಜೆ ಮಾತಾಡಿಯೇ ತೀರುತ್ತೇನೆ.

ಸಂಜೆ 6.20

ಮಧ್ಯಾಹ್ನವೆಲ್ಲ ಇವರು ರೂಮಿನ ಬಾಗಿಲು ಹಾಕಿಕೊಂಡು ಇದ್ದರು. ಆರಕ್ಕೆ ಹೊರಬಂದರು. ಬಾಲ್ಕನಿಗೆ ಹೋಗಲಿಲ್ಲ. ನನ್ನೆದುರೇ ಮೇಜಿಗೆ ಕೂತು ಮಾತ್ರೆ ನುಂಗಿ, ಟೀ ಕುಡಿದು, ಲೋಟ ತಾವೇ ತೊಳೆದಿಟ್ಟರು. ಒಂದು ಮಾತಿಲ್ಲ. ಬ್ರಾಕೆಟ್ ಜೋಕೂ ಇಲ್ಲ.

ನಾನೂ ಮಾತಾಡಲಿಲ್ಲ. ಭಾನುವಾರ ಹೇಗೂ ನುಂಗುವ ದಿನವೇ. ಶುಕ್ರವಾರ ಬರಲಿ.

ಜೂನ್ 29, ಶನಿವಾರ

ನಿನ್ನೆ ಕುಂಡ ನೋಡಿದೆ. ಇಲ್ಲ. ಇವತ್ತೂ ನೋಡಿದೆ. ಇಲ್ಲ. ಬೇರೆ ಜಾಗ ಕಂಡುಕೊಂಡರೋ? ಸಿಂಕ್, ಕಸದ ಬುಟ್ಟಿ, ಶರ್ಟಿನ ಜೇಬು, ಎಲ್ಲ ಹುಡುಕಿದೆ. ಪತ್ತೇದಾರಿಣಿ ಆಗಿಬಿಟ್ಟಿದ್ದೇನೆ. ಬಾಯಿ ಬಿಟ್ಟು ಕೇಳುವುದೊಂದು ಬಿಟ್ಟು ಮಿಕ್ಕದ್ದೆಲ್ಲ ಮಾಡುತ್ತೇನೆ.

ಜುಲೈ 1, ಸೋಮವಾರ, ಮಧ್ಯಾಹ್ನ 3

ಯಾಕಮ್ಮ ಈಗಷ್ಟೇ ಮೇಲೆ ಹೋದಳು. ಅಕ್ಷರ ಹೇಗಿದ್ದರೂ ಇರಲಿ, ಬರೆಯುತ್ತೇನೆ.

ತಿದ್ದಿದ ಪ್ರತಿಗಳು ಬಂದವು. ನಾನೇ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಸರಿಮಾಡಬೇಕು. ಯಾಕಮ್ಮ ಕಟ್ಟು ಮೇಜಿನ ಮೇಲಿಟ್ಟಳು. 17 ಮಾತ್ರ ಕೈಯಲ್ಲೇ ಹಿಡಿದಿದ್ದಳು.

"ಅಕ್ಕ, ಇಲ್ಲೊಂದು ಪದ ಇದೆ. ನಾನು ರೆಕಾರ್ಡಿಂಗ್ ಮತ್ತೆ ಕೇಳ್ದೆ. ಅವರು ಹೇಳೇ ಇಲ್ಲ. ಇದು ಎಲ್ಲಿಂದ ಬಂತು?"

ನೋಡಿದೆ. ನಾನೇ ಟೈಪ್ ಮಾಡಿದ ಸಾಲು: "ಮನೇಲಿ ಒಂದು ನೀಲಿ ಸ್ಟೂಲ್ ಇದೆ."

ನೀಲಿ.

ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಪದ ಸೇರಿಸಿದ್ದೇನೆ, ಅದೂ ಗೊತ್ತಿಲ್ಲದೆ. ಆ ಆರು ಸೆಕೆಂಡಿನಿಂದ ನಾನು ಕಿತ್ತುಹಾಕಿದ ನೀಲಿ ಇಲ್ಲಿ ಬಂದು ಕೂತಿದೆ.

ಪೆನ್ಸಿಲ್ಲಿನಲ್ಲಿ ಅದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಇವರ ದುಂಡು ಅಕ್ಷರ: "ನಾನು ಬಣ್ಣ ಹೇಳಿರಲಿಲ್ಲ. ಆದರೆ ನೀಲಿಯೇ."

ಪುಟ ತಿರುಗಿಸಿದೆ. (ಕೇಳಿಸುವುದಿಲ್ಲ, 6 ಸೆಕೆಂಡು) ಎಂದಿದ್ದ ಕಡೆ, ಮೇಲೆ, ಪೂರ್ತಿ ವಾಕ್ಯ. ಶುಕ್ರವಾರ ಶನಿವಾರ ಮಾತ್ರೆ ನುಂಗಲ್ಲ, ತಾಗಿದ್ರೆ ನೀಲಿಗಟ್ಟುತ್ತೆ, ಅವಳಿಗೆ ಗೊತ್ತಾಗುತ್ತೆ. ಅವರಾಗಿಯೇ ಬರೆದಿದ್ದಾರೆ. ಅಂಚಿನಲ್ಲಿ ಜಾಗ ಸಾಲದೆ ಅಡ್ಡಡ್ಡ ತಿರುಗಿಸಿಕೊಂಡು ಇನ್ನೂ ಬರೆದಿದ್ದಾರೆ:

"ಇದು ಟೈಪ್ ಮಾಡಿದವರಿಗೆ ಕೇಳಿಸಿದೆ. ಅವರ ಕಿವಿ ನನಗೆ ಗೊತ್ತು. 23ರಿಂದ ಏಳು ದಿನವೂ ನುಂಗುತ್ತಿದ್ದೇನೆ. ವಾಲ್ವ್ ವಿಷಯ ಕೋಚಿಗೂ ಹೇಳಿದ್ದೇನೆ. ನೀಲಿಗಟ್ಟಿದರೆ ತೋರಿಸುತ್ತೇನೆ."

ಯಾಕಮ್ಮ ಕಾಯುತ್ತಿದ್ದಳು. ಜೀವಮಾನದಲ್ಲೇ ಮೊದಲ ಸಲ ಯಾಕೆ ಎನ್ನದೆ.

"ಆ ಸ್ಟೂಲ್ ನಮ್ಮನೇದು" ಎಂದೆ.

ಮೌನ. ಒಂಬತ್ತು ಹತ್ತು ಸೆಕೆಂಡು ಇದ್ದಿರಬೇಕು. ಕುರ್ಚಿ ಎಳೆದುಕೊಂಡು ಕೂತಳು. "ಅಕ್ಕ, ನೀವು ಅವತ್ತೇ ನಿಲ್ಲಿಸ್ಬೇಕಿತ್ತು."

"ಹೌದಮ್ಮ."

"ಇನ್ನೂ ರೆಕಾರ್ಡ್ ಆಗ್ಬೇಕಿರೋ ಒಂಬತ್ತು ನಿಮಗೆ ಕೊಡೋ ಹಾಗಿಲ್ಲ. ರಿಪೋರ್ಟ್‌ನಲ್ಲೂ ಬರೀಬೇಕಾಗುತ್ತೆ."

"ಬರೀರಿ. ಆಡಿದ್ದು ಆಡಿದ ಹಾಗೇ ಬರೀರಿ."

ತಪ್ಪು ನನ್ನದೇ. ನೋವಾಯಿತು, ಆದರೂ ಎದೆ ಹಗುರ. ಹೋಗುವಾಗ ಬಾಗಿಲಲ್ಲಿ ನಿಂತಳು. "ಒಂದು ಮಾತು ಕೇಳ್ಲಾ? ಸಂಶೋಧನೆಗಲ್ಲ. ಅವರು ಯಾಕೆ ಮಾಡ್ತಾರೆ ಅಂತ ನಿಮಗನ್ಸುತ್ತೆ?"

"ಪುಟ ಆರರಲ್ಲಿದೆ ನೋಡಮ್ಮ. ಹತ್ತು ಹೆಜ್ಜೆ."

ಸಂಜೆ 6.40

ಇಬ್ಬರೂ ಮೇಜಿಗೆ ಕೂತೆವು. ಮಾತ್ರೆ ಹೋಯಿತು. ಇವರು ಶರ್ಟಿನ ತೋಳು ಮಡಚಿ ಮೊಣಕೈ ತೋರಿಸಿದರು. ನಿನ್ನೆಯದು. ಅಂಗೈಯಗಲ, ನಡುವೆ ಕಪ್ಪುಗಟ್ಟಿದೆ. ಮುಲಾಮು ತಂದು ಹಚ್ಚಿದೆ.

"ಯಾವಾಗ ಗೊತ್ತಾಯ್ತು ನಿನಗೆ?"

"ನಾಲಿಗೆ ಲೊಟಕ್ ಅನ್ನಿಸಿದ್ರಲ್ಲ, ಆಗ."

"ಬಾಯಿ ಬಿಡೋಕೆ ಮುಂಚೇನೇ?" ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, "ಆ ನೀಲಿ ಓದಿದಾಗ ನನಗೆ ಕೂತ್ಕೊಳ್ಳೋಕೆ ಆಗ್ಲಿಲ್ಲ ಕಣೇ. ನೀನು ಇದನ್ನೆಲ್ಲ ಒಬ್ಬಳೇ ಕೇಳಿಸ್ಕೊಂಡು ಕೂತಿದ್ದೀಯ, ಮತ್ತೆ ಒಂದ್ಸಲ."

ಮುಲಾಮಿನ ಮುಚ್ಚಳ ಹಾಕಿದೆ.

"ರೀ, ದಿನಕ್ಕೆ ಎಷ್ಟು ಸಲ ಹುಷಾರು ಅಂತೀನಿ ನಾನು?"

"ರೆಕಾರ್ಡ್ ಮಾಡಿ ಕೊಡ್ತೀನಿ, ಟೈಪ್ ಮಾಡ್ಕೋ."

ಮೊಣಕಾಲಿಗಿಂತ ಎತ್ತರ ಇಲ್ಲ, ತಲೆಗೆ ಹೆಲ್ಮೆಟ್ ಬೇಕೇ ಬೇಕು — ಇದು ಕೋಚಿನ ಷರತ್ತಂತೆ. ನಾಳೆ ಡಾಕ್ಟರ ಹತ್ತಿರ ಇಬ್ಬರೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುವುದು, ಅವರು ಬೇಡವೆಂದರೆ ಬೇಡ. ಇದು ನನ್ನ ಷರತ್ತು. ಒಪ್ಪಿದರು.

ಜುಲೈ 5, ಶುಕ್ರವಾರ, ಸಂಜೆ 6.15

ಡಾಕ್ಟರ್ ಮೊದಲು ಬೈದರು, ಆಮೇಲೆ ಎಷ್ಟೆತ್ತರ ಎಂದು ಕೇಳಿದರು, ಆಮೇಲೆ ತಮ್ಮ ಮೇಜಿನ ಪಕ್ಕ ಕೈ ಹಿಡಿದು ಇಷ್ಟಾ ಎಂದರು. ನಡೆಯುವುದು ಸರಿ, ಉರುಳುವುದು ಬೇಡ. ನಂಬರ್ 2.4, ಹತ್ತುತ್ತಿದೆ.

ಆರಕ್ಕೆ ಮಾತ್ರೆ, ನನ್ನೆದುರು, ಶುಕ್ರವಾರದ ದಿನ. ಗಿಡದಲ್ಲಿ ಒಂದು ಚಿಗುರು ಕಾಣುತ್ತಿದೆ.

ಅಡುಗೆಮನೆಯ ಬಲ್ಬ್ ಹೋಗಿದೆ. ಹೊಸದು ತಂದಿದ್ದೆ. ನೀಲಿ ಸ್ಟೂಲ್ ತಂದು ನಾನೇ ಕೆಳಗಿಟ್ಟೆ. "ಹತ್ತಿ" ಎಂದೆ.

ಇವರು ನನ್ನ ಮುಖ ನೋಡಿದರು. "ಹಿಡ್ಕೋತೀಯಾ?"

"ಇಲ್ಲ. ನನಗೆ ಬರೆಯೋದಿದೆ."

ಇಲ್ಲೇ ಮೇಜಿಗೆ ಕೂತು ಬರೆಯುತ್ತಿದ್ದೇನೆ. ಕೈಗೆ ಕೆಲಸ ಬೇಕು. ಒಂದು ಕಾಲಿಟ್ಟರು. ಸ್ಟೂಲಿನ ಒಂದು ಕಾಲು ಗಿಡ್ಡ, ಅದು ಅವರಿಗೂ ಗೊತ್ತು. ಎರಡನೇ ಕಾಲು. ನಿಂತರು. ಕೈ ಮೇಲೆತ್ತಿದರು. ಆ ಮುಖ ಇದೆ, ಪ್ಯಾನೆಲ್ ಬಿಚ್ಚುವ ಮುಖ.

ಬಾಯಿಗೆ ಬಂತು. ನುಂಗಿದೆ. ಇನ್ನೊಮ್ಮೆ ಬಂತು.

ಹಳೇ ಬಲ್ಬ್ ತಿರುಗುತ್ತಿಲ್ಲವಂತೆ, ಜಾಮ್ ಆಗಿದೆಯಂತೆ. ತುದಿಗಾಲಲ್ಲಿ ನಿಂತಿದ್ದಾರೆ. ಸ್ಟೂಲ್ ಕಟ್ ಎಂದಿತು. ನಾನು ಬರೆಯುತ್ತಿದ್ದೇನೆ. ಬರೆಯುತ್ತಲೇ ಇದ್ದೇನೆ. ಕೆಳಗೆ ನೋಡದೆ ಒಂದು ಕೈ ನನ್ನ ಕಡೆ ಚಾಚಿ, "ಏ, ಹೊಸದು ಕೊಡು ಇಲ್ಲಿ, ಹುಷಾರು" ಎನ್ನುತ್ತಿದ್ದಾರೆ, ನನಗೆ. ಪೆನ್ನಿಟ್ಟು ಏಳುತ್ತೇನೆ.